ಗಂಟೆಗೆ ಎಷ್ಟು ಮೀಟರ್ ಬಟ್ಟೆ?

ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಎನ್.ಆರ್. ನಾರಾಯಣಮೂರ್ತಿಯವರು ಹೇಳಿದ್ದು 2023ರ ಅಕ್ಟೋಬರ್‌ನಲ್ಲಿ. ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಿದ್ದದ್ದು 2025ರ ಜನವರಿಯಲ್ಲಿ. ಎರಡೂ ಹಳೆಯ ಸುದ್ದಿ. ಆದರೂ ಪುಣೆಯ ಹಿಂಜವಡಿಯಲ್ಲಿ ನಾವು ಏಳೆಂಟು ಕನ್ನಡಿಗರು ಒಟ್ಟಿಗೆ ಡಬ್ಬಿ ಬಿಚ್ಚುವ ಮೇಜಿನಲ್ಲಿ ತಿಂಗಳಿಗೊಮ್ಮೆಯಾದರೂ ಈ ಜಗಳ ಏಳುತ್ತದೆ. ‘ಹಿರಿಯರು ಹೇಳಿದ್ದು ಸರಿ, ಈಗಿನ ಹುಡುಗರಿಗೆ ಮೈಗಳ್ಳತನ’ ಎಂದು ಒಂದು ಗುಂಪು. ‘ಸಂಬಳ ಏರಿಸದೆ ರಕ್ತ ಹೀರುವ ಹುನ್ನಾರ’ ಎಂದು ಇನ್ನೊಂದು. ಡಬ್ಬಿ ಖಾಲಿಯಾಗುತ್ತದೆ, ಜಗಳ ಮುಗಿಯುವುದಿಲ್ಲ.

ಎರಡೂ ಕಡೆಯವರು ಮನುಷ್ಯರ ಗುಣದ ಬಗ್ಗೆ ಜಗಳವಾಡುತ್ತಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಪ್ರಶ್ನೆ ಇರುವುದು ಲೆಕ್ಕದ್ದು. ಮೂರ್ತಿಯವರು ತಮ್ಮ ಮಾತಿಗೆ ಕೊಟ್ಟ ಕಾರಣ, ಭಾರತದ ಉತ್ಪಾದಕತೆ ಜಗತ್ತಿನಲ್ಲೇ ಬಹಳ ಕಡಿಮೆ ಎಂಬುದು. ಅದು ನಿಜ, ಅಲ್ಲಗಳೆಯುವಂತಿಲ್ಲ. ಆದರೆ ಉತ್ಪಾದಕತೆ ಎಂದರೆ ಒಂದು ಗಂಟೆಯ ದುಡಿಮೆಯಿಂದ ಎಷ್ಟು ಹುಟ್ಟಿತು ಎಂಬ ಭಾಗಾಕಾರ. ಅದರಲ್ಲಿ ಗಂಟೆ ಕೆಳಗಿರುವ ಸಂಖ್ಯೆ. ಕೆಳಗಿನದನ್ನು ಹೆಚ್ಚಿಸಿದರೆ ಒಟ್ಟು ಉತ್ಪನ್ನ ಒಂದಿಷ್ಟು ಏರಬಹುದು, ಭಾಗಲಬ್ಧ ಏರುವುದಿಲ್ಲ. ಸುಸ್ತಾದ ಮನುಷ್ಯ ಕೊನೆಯ ಗಂಟೆಗಳಲ್ಲಿ ಮಾಡುವ ಕೆಲಸ ನೋಡಿದವರಿಗೆ ಅದು ಇಳಿಯುತ್ತದೆ ಎಂದೂ ಗೊತ್ತು. ರಾತ್ರಿ ಹನ್ನೊಂದಕ್ಕೆ ಬರೆದ ಕೋಡನ್ನು ಬೆಳಿಗ್ಗೆ ಹತ್ತಕ್ಕೆ ಅಳಿಸಿ ಮತ್ತೆ ಬರೆಯುವುದು ನಮ್ಮ ವೃತ್ತಿಯಲ್ಲಿ ಯಾರಿಗೂ ಹೊಸದಲ್ಲ.

ಇನ್ನು ಗಂಟೆಗಳ ವಿಷಯದಲ್ಲಿ ನಾವು ಯಾರಿಗೂ ಕಡಿಮೆ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2024ರ ಅಂಕಿಗಳ ಪ್ರಕಾರ ಭಾರತದಲ್ಲಿ ಕೆಲಸ ಮಾಡುವವರು ವಾರಕ್ಕೆ ಸರಾಸರಿ 46.7 ಗಂಟೆ ದುಡಿಯುತ್ತಾರೆ. 49 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರು ಶೇ 51. ಜರ್ಮನಿಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 1,340 ಗಂಟೆ, ವಾರಕ್ಕೆ ಹಂಚಿದರೆ 26. ಅಲ್ಲಿ ಅರ್ಧ ದಿನದ ಕೆಲಸದವರು ಹೆಚ್ಚು, ರಜೆಯೂ ಹೆಚ್ಚು. ಅದನ್ನೆಲ್ಲ ಕಳೆದು ನೋಡಿದರೂ ಅಂತರ ದೊಡ್ಡದೇ. ಬರೀ ಗಂಟೆಯಿಂದ ದೇಶ ಶ್ರೀಮಂತವಾಗುವ ಹಾಗಿದ್ದರೆ ಇಷ್ಟು ಹೊತ್ತಿಗೆ ನಾವು ಜರ್ಮನಿಗೆ ಸಾಲ ಕೊಡುತ್ತಿರಬೇಕಿತ್ತು.

ಈ ಲೆಕ್ಕ ನಾನು ಮೊದಲು ಕಲಿತದ್ದು ಮಗ್ಗದ ಪಕ್ಕ. ನಮ್ಮದು ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ಕಡೆಯ ನೇಕಾರರ ಮನೆ. ಅಜ್ಜ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ನಸುಕಿನಲ್ಲಿ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತರೆ ದೀಪ ಹಚ್ಚುವ ಹೊತ್ತಿಗೇ ಏಳುವುದು. ಅಜ್ಜಿ, ಅತ್ತೆಯಂದಿರು ಕಂಡಿಕೆ ಸುತ್ತುತ್ತಿದ್ದ ಹೊತ್ತನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ಅಪ್ಪ ಪವರ್‌ಲೂಮಿಗೆ ಬಂದರು. ಕಾಕಾ ಗಡಿ ದಾಟಿ ಇಚಲಕರಂಜಿಗೆ ಹೋದರು, ನಮ್ಮ ಕಡೆಯ ಎಷ್ಟೋ ಮನೆಯವರು ಹೋದ ಹಾಗೆ. ಈಗಲೂ ಅಲ್ಲೇ ಇದ್ದಾರೆ. ವಯಸ್ಸು ಐವತ್ತೆಂಟು. ಹನ್ನೆರಡು ತಾಸಿನ ಪಾಳಿ, ಒಂದು ವಾರ ಹಗಲು, ಮರುವಾರ ರಾತ್ರಿ. ಆರು ದಿನಕ್ಕೆ 72 ಗಂಟೆ. ಮೂರ್ತಿಯವರು ಕೇಳಿದ್ದಕ್ಕಿಂತ ಎರಡು ಗಂಟೆ ಹೆಚ್ಚು. ಮೂವತ್ತು ವರ್ಷ ಹೀಗೆ ನಿಂತಮೇಲೂ ಅವರ ಮನೆ ಎರಡು ಖೋಲಿಯದ್ದು, ಮೊಣಕಾಲಿನ ಗುಳಿಗೆ ಬೇರೆ.

ಕಾಕಾ ನೋಡಿಕೊಳ್ಳುವುದು ಲಾಳಿ ಓಡುವ ಹಳೆಯ ಮಗ್ಗಗಳನ್ನು. ಇಂಥ ಮಗ್ಗ ನಿಮಿಷಕ್ಕೆ ಸುಮಾರು 120ರಿಂದ 150 ಸಲ ಹೊಕ್ಕು ಹಾಕುತ್ತದೆ. ಸಾದಾ ಬಟ್ಟೆಯಾದರೆ ಒಂದು ಮಗ್ಗದಿಂದ ಗಂಟೆಗೆ ಮೂರು-ನಾಲ್ಕು ಮೀಟರ್. ಲಾಳಿಯೇ ಇಲ್ಲದ, ಗಾಳಿಯ ಒತ್ತಡದಿಂದ ನೂಲನ್ನು ಚಿಮ್ಮಿಸುವ ಏರ್‌ಜೆಟ್ ಮಗ್ಗ ನಿಮಿಷಕ್ಕೆ 600ಕ್ಕೂ ಹೆಚ್ಚು ಹೊಕ್ಕು ಹಾಕುತ್ತದೆ. ನೂಲು ಹರಿದರೆ ತಾನೇ ನಿಲ್ಲುತ್ತದೆ, ಹಾಗಾಗಿ ಒಬ್ಬರೇ ಹೆಚ್ಚು ಮಗ್ಗ ನೋಡಿಕೊಳ್ಳಬಹುದು. ಈಗ ಲೆಕ್ಕ ಹಾಕಿ. ಕಾಕಾ 72 ಗಂಟೆಯ ಬದಲು 90 ಗಂಟೆ ನಿಂತರೆ ಬಟ್ಟೆ ಕಾಲುಭಾಗ ಹೆಚ್ಚುತ್ತದೆ, ಮೊಣಕಾಲು ಪೂರ್ತಿ ಹೋಗುತ್ತದೆ. ಮಗ್ಗ ಬದಲಾದರೆ ಅದೇ ಕಾಕಾ ಅರ್ಧ ಹೊತ್ತು ನಿಂತರೂ ಬಟ್ಟೆ ಎರಡು ಪಟ್ಟಾದರೂ ಬರುತ್ತದೆ. 90 ಗಂಟೆಯ ಸುದ್ದಿಯನ್ನು ಮೊಬೈಲಿನಲ್ಲಿ ತೋರಿಸಿದಾಗ ಅವರು ನಕ್ಕು ಹೇಳಿದ್ದು ಇಷ್ಟು: ‘ನಾ ಎಚ್ಚರಿದ್ದಷ್ಟು ಹೊತ್ತು ಮಗ್ಗ ಓಡಂಗಿಲ್ಲೋ ತಮ್ಮಾ. ಕರೆಂಟ್ ಇದ್ದಷ್ಟು ಹೊತ್ತು ಓಡತೈತಿ.’

ಹಾಗಾದರೆ ಮಾಲೀಕ ಹೊಸ ಮಗ್ಗ ಯಾಕೆ ತರುವುದಿಲ್ಲ? ಅವನೇನು ದಡ್ಡನಲ್ಲ. ಕಾಕಾ ದುಡಿಯುವ ಶೆಡ್ಡಿನ ಮಾಲೀಕನದ್ದು ಹನ್ನೆರಡು ಮಗ್ಗ. ನೂಲು ಅವನದಲ್ಲ, ವ್ಯಾಪಾರಿ ನೂಲು ಕೊಡುತ್ತಾನೆ, ಬಟ್ಟೆ ಒಯ್ಯುತ್ತಾನೆ, ನೇಯ್ದ ಕೂಲಿಯಷ್ಟೇ ಇವನ ಕೈಗೆ. ಅದರಲ್ಲಿ ಕೆಲಸಗಾರರ ಕೂಲಿ, ಕರೆಂಟ್ ಬಿಲ್ಲು, ರಿಪೇರಿ ಕಳೆದರೆ ಉಳಿಯುವುದು ಮನೆಖರ್ಚಿಗೆ. ಹೊಸ ಏರ್‌ಜೆಟ್ ಮಗ್ಗಕ್ಕೆ ಹತ್ತಾರು ಲಕ್ಷ. ಜೊತೆಗೆ ಕಂಪ್ರೆಸರ್, ತಡೆಯಿಲ್ಲದ ವಿದ್ಯುತ್, ಎತ್ತರದ ಕಟ್ಟಡ. ಬ್ಯಾಂಕಿನವರು ಅಡಮಾನ ಕೇಳುತ್ತಾರೆ. ಇಲ್ಲಿ ಕಾಕಾ ಎಷ್ಟು ಶ್ರಮಜೀವಿ ಎಂಬ ಪ್ರಶ್ನೆ ಏಳುವುದೇ ಇಲ್ಲ.

ನನ್ನ ಕಥೆಯನ್ನೂ ಇದರ ಪಕ್ಕ ಇಟ್ಟು ನೋಡಿ. ನಾನು ವಾರಕ್ಕೆ 45ರಿಂದ 50 ಗಂಟೆ ಕೆಲಸ ಮಾಡುತ್ತೇನೆ, ಕೂತು, ಎಸಿಯಲ್ಲಿ. ಸಂಬಳ ಕಾಕಾ ಅವರದರ ಹತ್ತು ಪಟ್ಟಿಗೂ ಹೆಚ್ಚು. ಓದಿದ್ದು ಸರ್ಕಾರಿ ಶಾಲೆಯಲ್ಲಿ, ಎಂಜಿನಿಯರಿಂಗ್ ಸಿಕ್ಕಿದ್ದು ಸಿಇಟಿಯ ಸರ್ಕಾರಿ ಸೀಟಿನಲ್ಲಿ, ಎಂ.ಟೆಕ್ ಮಾಡಿದ್ದು ಗೇಟ್ ಸ್ಟೈಪೆಂಡಿನಲ್ಲಿ. ಅದು ನನಗೆ ಸಿಕ್ಕ ನೆರವು. ನಾನು ಸೇರಿದ ಉದ್ಯಮಕ್ಕೆ ಸಿಕ್ಕಿದ್ದು ಇನ್ನೂ ದೊಡ್ಡದು. 1984ರ ಕಂಪ್ಯೂಟರ್ ನೀತಿ ಆಮದು ಸುಂಕ ಇಳಿಸಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಅದರ ಕೆಲಸವನ್ನು ಹೊರದೇಶಕ್ಕೆ ಕಳಿಸಲು ಉಪಗ್ರಹ ಸಂಪರ್ಕಕ್ಕೆ ಸರ್ಕಾರ ಒಪ್ಪಿತು. ಫೋನ್ ಸಿಗಲು ವರ್ಷಗಟ್ಟಲೆ ಕಾಯಬೇಕಿದ್ದ ಕಾಲವದು. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ ಹುಟ್ಟಿತು. ಸಣ್ಣ ಕಂಪನಿಗಳಿಗೂ ಹಂಚಿಕೊಳ್ಳುವ ಉಪಗ್ರಹ ಸಂಪರ್ಕ, ಸುಂಕವಿಲ್ಲದೆ ಯಂತ್ರ ತರುವ ಅನುಕೂಲ, ಒಂದೇ ಕಿಟಕಿಯಲ್ಲಿ ಅನುಮತಿ. ರಫ್ತಿನ ಲಾಭಕ್ಕೆ ಇದ್ದ ಆದಾಯ ತೆರಿಗೆ ವಿನಾಯಿತಿ 2011ರ ಮಾರ್ಚ್‌ವರೆಗೂ ನಡೆಯಿತು. ನಾವು ಬುದ್ಧಿವಂತರಿರಬಹುದು. ಆದರೆ ಬುದ್ಧಿವಂತ ನೇಕಾರರೂ ಇದ್ದರು. ನಮ್ಮ ಅಜ್ಜ ಕಾಗದ ಮುಟ್ಟದೆ ಸೆರಗಿನ ವಿನ್ಯಾಸದ ಎಳೆ ಎಣಿಸುತ್ತಿದ್ದರು.

ನೇಕಾರರಿಗೆ ಸಿಕ್ಕ ನೀತಿ ಇದಕ್ಕೆ ತದ್ವಿರುದ್ಧ. 1950ರ ದಶಕದಲ್ಲಿ ದೊಡ್ಡ ಗಿರಣಿಗಳು ಮಗ್ಗ ಹೆಚ್ಚಿಸದಂತೆ ತಡೆ ಹಾಕಲಾಯಿತು. ಅದು ಸಡಿಲವಾಗಲು 1985ರ ಜವಳಿ ನೀತಿ ಬರಬೇಕಾಯಿತು. 1967ರಿಂದ ಸಣ್ಣ ಕೈಗಾರಿಕೆಗಳಿಗೆ ಮೀಸಲಾದ ವಸ್ತುಗಳ ಪಟ್ಟಿ ಶುರುವಾಗಿ 800 ದಾಟಿತು. ಸಿದ್ಧ ಉಡುಪು ಆ ಪಟ್ಟಿಯಿಂದ ಹೊರಬರಲು 2000ನೇ ಇಸವಿಯ ಜವಳಿ ನೀತಿ ಬೇಕಾಯಿತು, ಕೊನೆಯ 20 ವಸ್ತುಗಳು ಹೊರಬಂದದ್ದು 2015ರಲ್ಲಿ. ಉದ್ದೇಶ ಒಳ್ಳೆಯದೇ ಇತ್ತು, ಕೈಮಗ್ಗದವರ ಅನ್ನ ಉಳಿಯಲಿ ಎಂದು. ಆದದ್ದು ಏನೆಂದರೆ, ದೊಡ್ಡವರು ಬೆಳೆಯದೆ ಹೋದರು, ಸಣ್ಣವರು ಸಣ್ಣವರಾಗಿಯೇ ಉಳಿದರು. ಹನ್ನೆರಡು ಮಗ್ಗದ ಶೆಡ್ಡುಗಳು ಸಾವಿರಗಟ್ಟಲೆ ಎದ್ದವು. 1999ರಲ್ಲಿ ಯಂತ್ರ ಹೊಸದು ಮಾಡಿಕೊಳ್ಳಲು ಕೇಂದ್ರದ ನಿಧಿ ಯೋಜನೆ ಬಂತು. ಆದರೆ ಅದು ಬ್ಯಾಂಕ್ ಸಾಲಕ್ಕೆ ಅಂಟಿಕೊಂಡ ಯೋಜನೆ. ಸಾಲ ಹುಟ್ಟುವವನಿಗೆ ಸಬ್ಸಿಡಿ. ಒಂದು ಉದ್ಯಮಕ್ಕೆ ಬೆಳೆಯಲು ನೆರವು, ಇನ್ನೊಂದಕ್ಕೆ ಬೆಳೆಯದಿದ್ದರೆ ನೆರವು. ನನ್ನ ಮತ್ತು ಕಾಕಾ ಅವರ ಸಂಬಳದ ಅಂತರದಲ್ಲಿ ಇದರ ಪಾಲು ಬಹಳ ದೊಡ್ಡದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇದಕ್ಕೆ ಒಂದು ಆಕ್ಷೇಪ ಕೂಡಲೇ ಬರುತ್ತದೆ, ಬರಲೇಬೇಕು. ಹೊಸ ಮಗ್ಗ ಬಂದರೆ ಹತ್ತು ಜನರ ಕೆಲಸ ಇಬ್ಬರು ಮಾಡುತ್ತಾರೆ, ಉಳಿದ ಎಂಟು ಮಂದಿ ಎಲ್ಲಿಗೆ ಹೋಗಬೇಕು? ಬಟ್ಟೆ ನೇಯುವುದು ಯಂತ್ರದ ಕೆಲಸವಾದರೂ ಅದನ್ನು ಹೊಲಿಯುವುದು ಇವತ್ತಿಗೂ ಕೈಗಳ ಕೆಲಸ. ಆ ಎಂಟು ಜನ ಹೋಗಬೇಕಾದದ್ದು ಅಲ್ಲಿಗೆ. ಬಾಂಗ್ಲಾದೇಶ ಇದನ್ನು ಮಾಡಿ ತೋರಿಸಿತು. 1979ರಲ್ಲಿ ಅಲ್ಲಿನ ದೇಶ್ ಗಾರ್ಮೆಂಟ್ಸ್ ಎಂಬ ಕಂಪನಿ ಸುಮಾರು 130 ಜನರನ್ನು ದಕ್ಷಿಣ ಕೊರಿಯಾದ ದೇವೂ ಕಾರ್ಖಾನೆಗೆ ತರಬೇತಿಗೆ ಕಳಿಸಿತು. ಸರ್ಕಾರ ರಫ್ತುದಾರರಿಗೆ ಸುಂಕವಿಲ್ಲದೆ ಬಟ್ಟೆ ತರಿಸಿಕೊಳ್ಳಲು ಗೋದಾಮಿನ ವ್ಯವಸ್ಥೆ ಮಾಡಿತು, ಆರ್ಡರ್ ತೋರಿಸಿದರೆ ಸಾಲಪತ್ರ ಸಿಗುವ ಹಾಗೆ ಮಾಡಿತು. ನಾವು ಅಂಗಿ ಹೊಲಿಯುವುದನ್ನು ಸಣ್ಣ ಕೈಗಾರಿಕೆಯ ಪಟ್ಟಿಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದ ಕಾಲದಲ್ಲಿ ಅವರು ಸಾವಿರ ಹೊಲಿಗೆ ಯಂತ್ರದ ಕಾರ್ಖಾನೆ ಕಟ್ಟಿದರು. ಇಂದು ಅವರ ಸಿದ್ಧ ಉಡುಪಿನ ರಫ್ತು ನಮ್ಮದರ ಎರಡು ಪಟ್ಟಿಗೂ ಹೆಚ್ಚು. ಹತ್ತಿ ಬೆಳೆಯುವವರು ನಾವು!

ಅಲ್ಲಿ ಎಲ್ಲವೂ ಚೆನ್ನಾಗಿತ್ತು ಎನ್ನುವಂತಿಲ್ಲ. 2013ರ ಏಪ್ರಿಲ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಬಿರುಕು ಬಿಟ್ಟ ಕಟ್ಟಡದೊಳಗೆ ಅವರನ್ನು ಕೆಲಸಕ್ಕೆ ಕಳಿಸಿದವರ ಲೆಕ್ಕದಲ್ಲಿ ಅದು ಗಂಟೆ ಉಳಿಸುವ ಉಪಾಯವಾಗಿತ್ತು. ಉತ್ಪನ್ನ ಹೆಚ್ಚಿದರೆ ಬಾಳು ತಾನಾಗಿ ಹಸನಾಗುವುದಿಲ್ಲ. ಇನ್‌ಸ್ಪೆಕ್ಟರ್ ಬೇಕು, ಯೂನಿಯನ್ ಬೇಕು. ಆದರೆ ಅಷ್ಟೂ ಜನರನ್ನು ಹೊಲದಲ್ಲೇ ಬಿಡುವುದು ಅದಕ್ಕೆ ಪರಿಹಾರವಲ್ಲ. ನಮ್ಮ ದೇಶದಲ್ಲಿ 2023-24ರ ಕಾರ್ಮಿಕ ಸಮೀಕ್ಷೆಯ ಪ್ರಕಾರ ದುಡಿಯುವವರಲ್ಲಿ ಶೇ 46ರಷ್ಟು ಮಂದಿ ಕೃಷಿಯಲ್ಲಿದ್ದಾರೆ. ದೇಶದ ಉತ್ಪನ್ನದಲ್ಲಿ ಕೃಷಿಯ ಪಾಲು ಶೇ 18ರ ಆಸುಪಾಸು. ಈ ಎರಡು ಅಂಕಿಗಳ ನಡುವಿನ ಕಂದಕವೇ ನಮ್ಮ ಕಡಿಮೆ ಉತ್ಪಾದಕತೆಯ ಬಹುಪಾಲು ವಿವರಣೆ. ಹೊಲದಲ್ಲಿ ಇರುವವರು ಯಾರೂ ಸೋಮಾರಿಗಳಲ್ಲ, ಒಬ್ಬರ ಕೆಲಸವನ್ನು ಮೂವರು ಹಂಚಿಕೊಂಡಿದ್ದಾರೆ.

ಮೂರ್ತಿಯವರು ಉದಾಹರಣೆಗೆ ಕೊಟ್ಟದ್ದು ಯುದ್ಧಾನಂತರದ ಜರ್ಮನಿ ಮತ್ತು ಜಪಾನ್. ಆ ಎರಡೂ ದೇಶಗಳ ಜನ ಬೆವರು ಸುರಿಸಿದ್ದು ನಿಜ. ಆದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಪಶ್ಚಿಮ ಜರ್ಮನಿಗೆ ಮಾರ್ಷಲ್ ಯೋಜನೆಯ ಹಣ ಬಂತು, 1948ರ ಜೂನ್‌ನಲ್ಲಿ ಹೊಸ ನಾಣ್ಯ ಬಂತು, ಲುಡ್ವಿಗ್ ಎರ್ಹಾರ್ಡ್ ಬಹುಪಾಲು ಬೆಲೆ ನಿಯಂತ್ರಣಗಳನ್ನು ತೆಗೆದರು, ಬಾಂಬು ಬಿದ್ದರೂ ಕುಶಲಕರ್ಮಿಗಳ ಕೈ ಉಳಿದಿತ್ತು. 1956ರ ಮೇ ದಿನದಂದು ಅಲ್ಲಿನ ಕಾರ್ಮಿಕ ಸಂಘಗಳು ಒಂದು ಭಿತ್ತಿಚಿತ್ರ ಹೊರಡಿಸಿದವು: ಶನಿವಾರ ನಮ್ಮಪ್ಪ ನನ್ನವನು ಎಂದು ಮಗುವೊಂದು ಹೇಳುವಂಥದ್ದು. ಬೇಡಿಕೆ ಐದು ದಿನದ, 40 ಗಂಟೆಯ ವಾರ. 1967ಕ್ಕೆ ಲೋಹ ಕೈಗಾರಿಕೆಯಲ್ಲಿ ಅದು ಸಿಕ್ಕಿತು. ಅಂದರೆ ಜಗತ್ತು ‘ಪವಾಡ’ ಎಂದು ಕರೆದ ಆ ವರ್ಷಗಳಲ್ಲೇ ಜರ್ಮನ್ ಕಾರ್ಮಿಕರ ಗಂಟೆ ಇಳಿಯುತ್ತಿತ್ತು, ಸಂಬಳ ಏರುತ್ತಿತ್ತು. ನಮ್ಮ ಉದ್ಯಮಿಗಳು ಈ ಪಾಠದ ಮೊದಲ ಪುಟವನ್ನಷ್ಟೇ ಓದಿದ ಹಾಗಿದೆ.

ಜಪಾನಿನದು ಸ್ವಲ್ಪ ಬೇರೆ. ಅಲ್ಲಿ 1955ರಲ್ಲಿ ಉತ್ಪಾದಕತಾ ಕೇಂದ್ರ ಸ್ಥಾಪನೆಯಾದಾಗಲೇ ಮೂರು ಷರತ್ತು ಹಾಕಿಕೊಂಡರು: ಉದ್ಯೋಗ ಹೆಚ್ಚಬೇಕು, ಮಾಲೀಕರು ಮತ್ತು ಕಾರ್ಮಿಕರು ಕೂತು ಮಾತಾಡಬೇಕು, ಬಂದ ಫಲ ನ್ಯಾಯವಾಗಿ ಹಂಚಿಕೆಯಾಗಬೇಕು. 1960ರಲ್ಲಿ ಪ್ರಧಾನಿ ಇಕೆಡಾ ಹತ್ತು ವರ್ಷದಲ್ಲಿ ರಾಷ್ಟ್ರೀಯ ಆದಾಯ ಎರಡು ಪಟ್ಟು ಮಾಡುವ ಯೋಜನೆ ತಂದರು, ಗುರಿ ಮೊದಲೇ ಮುಟ್ಟಿತು. ಆದರೆ ಅಲ್ಲಿನ ಆಫೀಸುಗಳಲ್ಲಿ ತಡರಾತ್ರಿಯ ಚಟ ಹೋಗಲಿಲ್ಲ. ದುಡಿದು ಸಾಯುವುದಕ್ಕೆ ‘ಕರೋಶಿ’ ಎಂಬ ಪದವೇ ಹುಟ್ಟಿತು. ಕೊನೆಗೆ 2018ರಲ್ಲಿ ಕಾನೂನು ಮಾಡಿ, ಸಾಮಾನ್ಯವಾಗಿ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360 ಗಂಟೆಗಿಂತ ಹೆಚ್ಚು ಓವರ್‌ಟೈಮ್ ಮಾಡಿಸಬಾರದು ಎಂದು ಮಿತಿ ಹಾಕಬೇಕಾಯಿತು. ಜಿ-7 ದೇಶಗಳ ಪೈಕಿ ಗಂಟೆಗೆ ಉತ್ಪಾದನೆಯಲ್ಲಿ ದಶಕಗಳಿಂದ ಕೊನೆಯ ಸ್ಥಾನ ಜಪಾನಿನದೇ.

ನಮ್ಮಲ್ಲಿ ಸರ್ಕಾರಗಳ ಕೈ ಮೊದಲು ಹೋಗುವುದು ಗಂಟೆಯ ಕೀಲಿಗೆ. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರದ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆವರೆಗಿನ ಪಾಳಿಗೆ ದಾರಿ ಮಾಡಿತು. ಮೂರು ತಿಂಗಳಿಗೆ 75 ಗಂಟೆ ಇದ್ದ ಓವರ್‌ಟೈಮ್ ಮಿತಿಯನ್ನು 144ಕ್ಕೆ ಏರಿಸಿತು. ಬಂಡವಾಳ ತರಲು ಇದು ಬೇಕು ಎಂಬ ವಾದವನ್ನು ನಾನು ಕೇಳಿದ್ದೇನೆ. ಅದಕ್ಕೆ ಖರ್ಚಿಲ್ಲ, ಆದ್ದರಿಂದ ಅದು ಸುಲಭ. ವಿದ್ಯುತ್ತಿಗೆ, ರಸ್ತೆಗೆ, ಐಟಿಐಗಳಿಗೆ ಹಣ ಬೇಕು.

ಆ ಖರ್ಚು ಮಾಡಿದರೆ, ಕೆಲವೊಮ್ಮೆ ಖರ್ಚಿಲ್ಲದೆ ಒಂದು ಅಡ್ಡಿ ತೆಗೆದರೂ, ಏನಾಗುತ್ತದೆ ಎಂಬುದಕ್ಕೆ ಪುಣೆ-ಬೆಂಗಳೂರು ಹೆದ್ದಾರಿ ಸಾಕ್ಷಿ. ನಿಪ್ಪಾಣಿ ಬಳಿ ಗಡಿಯಲ್ಲಿ ಲಾರಿಗಳ ಸಾಲು ನೋಡಿ ಬೆಳೆದವರು ನಾವು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ಮಾರಾಟ ತೆರಿಗೆಯ ಚೆಕ್‌ಪೋಸ್ಟುಗಳು ಹೋದವು. 2021ರ ಫೆಬ್ರುವರಿಯಿಂದ ಟೋಲಿನಲ್ಲಿ ಫಾಸ್ಟ್‌ಟ್ಯಾಗ್ ಕಡ್ಡಾಯವಾಯಿತು. ಲಾರಿಯ ಡ್ರೈವರ್ ಅದೇ ಮನುಷ್ಯ, ಅದೇ ನಿದ್ದೆಗಣ್ಣು. ಸಾಲಿನಲ್ಲಿ ಕಾಯುವ ಹೊತ್ತು ಕಡಿಮೆಯಾದಷ್ಟೂ ಒಂದು ಗಂಟೆ ಹೆಚ್ಚು ದುಡಿಯದೆಯೂ ಹೆಚ್ಚು ದೂರ ಸಾಗುತ್ತಾನೆ.

ಇನ್ನು ನಮ್ಮ ಹಿಂಜವಡಿ. 2024ರ ಟಾಮ್‌ಟಾಮ್ ಸಂಚಾರ ಸೂಚ್ಯಂಕದಲ್ಲಿ ಪುಣೆಯಲ್ಲಿ 10 ಕಿಲೋಮೀಟರ್‌ಗೆ 33 ನಿಮಿಷ, ಬೆಂಗಳೂರಿನಲ್ಲಿ 34. ಎರಡೂ ಊರು ಜಗತ್ತಿನ ಮೊದಲ ಐದರಲ್ಲಿ. ದಿನಕ್ಕೆ ಹೋಗಿ ಬರುವ ದೂರ 30 ಕಿಲೋಮೀಟರ್ ಆದರೆ ವಾರಕ್ಕೆ ಎಂಟು ಗಂಟೆ, ಅಂದರೆ ಪೂರ್ತಿ ಒಂದು ದಿನದ ಕೆಲಸ, ಕ್ಲಚ್ಚಿನ ಮೇಲೆ ಕಾಲಿಟ್ಟು ಕಳೆಯುತ್ತದೆ. 70 ಗಂಟೆಯ ಹುಡುಕಾಟದಲ್ಲಿರುವವರು ಮೊದಲ ಎಂಟನ್ನು ಇಲ್ಲಿಂದ ತೆಗೆದುಕೊಳ್ಳಲಿ.

ಗಂಡಸು 70 ಗಂಟೆ ಆಫೀಸಿನಲ್ಲಿದ್ದರೆ ಮನೆಯಲ್ಲಿ ಯಾರಿರುತ್ತಾರೆ ಎಂಬುದನ್ನು ಈ ಚರ್ಚೆಯಲ್ಲಿ ಯಾರೂ ಕೇಳುವುದಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88. ನನಗೆ ಗೊತ್ತಿರುವ ದಂಪತಿಯಲ್ಲಿ ಇಬ್ಬರೂ ಎಂ.ಟೆಕ್. ಮಗು ಹುಟ್ಟಿದ ಮೇಲೆ ಇಬ್ಬರ ಓಡಾಟ, ಇಬ್ಬರ ರಾತ್ರಿ ಕಾಲ್‌ಗಳು ಒಟ್ಟಿಗೆ ಸಾಗದೆ ಆಕೆ ಕೆಲಸ ಬಿಟ್ಟರು. ಅಜ್ಜಿ-ಅಜ್ಜ ಧಾರವಾಡದಲ್ಲಿ, ಹೊರನಾಡಿನಲ್ಲಿರುವ ನಮಗೆಲ್ಲ ಈ ಕಥೆ ಗೊತ್ತು. 50 ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಎಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಹೇಳಿತು. ಅದು ನಡೆದಾಡುವಷ್ಟು ದೂರದಲ್ಲಿದ್ದು, ಸಂಜೆ ಏಳರವರೆಗೆ ತೆರೆದಿದ್ದರೆ, ದೇಶಕ್ಕೆ ವಾರಕ್ಕೆ 40 ಗಂಟೆಯ ಒಬ್ಬ ನುರಿತ ಎಂಜಿನಿಯರ್ ಉಳಿಯುತ್ತಿದ್ದರು. ಒಬ್ಬರ 70ಕ್ಕಿಂತ ಇಬ್ಬರ 80 ಹೆಚ್ಚು; ಇದಕ್ಕೆ ಅರ್ಥಶಾಸ್ತ್ರ ಓದಬೇಕಿಲ್ಲ.

ಇಪ್ಪತ್ತರ ಹರೆಯದಲ್ಲಿ ಕಲಿಯಲು ಹೆಚ್ಚು ಹೊತ್ತು ಕೊಡಬೇಕು ಎನ್ನುವವರಿದ್ದಾರೆ. ಕೊಡಲಿ. ನಾನೂ ಕೊಟ್ಟಿದ್ದೇನೆ, ಖುಷಿಯಿಂದ. ಅದು ಒಬ್ಬರು ತಮಗಾಗಿ ಮಾಡಿಕೊಳ್ಳುವ ಆಯ್ಕೆ. ಅದನ್ನೇ ದೇಶದ ನೀತಿ ಎಂದು ಮಾರುವುದಕ್ಕೆ ನನ್ನ ತಕರಾರು.

ಹೊರನಾಡಿನಲ್ಲಿರುವ ನಮಗೆ ಒಂದು ವಿಚಿತ್ರ ತೊಡಕಿದೆ. ನಮ್ಮ ಗಂಟೆಗಳನ್ನು ತಿನ್ನುವ ರಸ್ತೆ ಒಂದು ರಾಜ್ಯದಲ್ಲಿ, ನಮ್ಮ ಮತ ಇನ್ನೊಂದು ರಾಜ್ಯದಲ್ಲಿ. ಹತ್ತು ವರ್ಷದಿಂದ ಪುಣೆಯಲ್ಲಿದ್ದೂ ಎಷ್ಟೋ ಜನರ ಹೆಸರು ಊರಿನ ಪಟ್ಟಿಯಲ್ಲೇ ಇದೆ. ಮತದಾನದ ದಿನ ಬಸ್ಸು ಸಿಕ್ಕರೆ ಹೋಗುತ್ತಾರೆ, ಇಲ್ಲದಿದ್ದರೆ ಇಲ್ಲ. ವಿಳಾಸ ಬದಲಿಸಿ ಹೆಸರು ವರ್ಗಾಯಿಸಲು ಫಾರ್ಮ್ 8 ಇದೆ, ಆನ್‌ಲೈನಿನಲ್ಲೇ ತುಂಬಬಹುದು. ಕಾಕಾ ಅವರ ಹೆಸರು ಇಚಲಕರಂಜಿಯ ಪಟ್ಟಿಯಲ್ಲಿ ಬಹಳ ವರ್ಷದಿಂದ ಇದೆ. ವಿಧಾನಸಭೆ ಚುನಾವಣೆಗೆ ಮತ ಕೇಳಲು ಓಣಿಗೆ ಬಂದವರನ್ನು ಅವರು ಮರಾಠಿಯಲ್ಲಿ ಕೇಳುವುದು ಎರಡೇ ಪ್ರಶ್ನೆ: ಬೇಸಿಗೆಯಲ್ಲಿ ಕರೆಂಟ್ ಎಷ್ಟು ತಾಸು ಕೊಡುತ್ತೀರಿ, ಮೀಟರಿನ ಕೂಲಿ ಯಾವಾಗ ಏರುತ್ತದೆ?